ಹೇರೆತ್ತಿನಿಂದ ಬೈಸಿಕಲ್ಲಿಗೆ

ಒಂದು ಸೀಮೆಯ ಇತಿಹಾಸವನ್ನು ಬರೆಯುವಾಗ ನಾವು ಅರಸರ ಹೆಸರುಗಳನ್ನೂ ಕೋಟೆಗಳ ಮುತ್ತಿಗೆಗಳನ್ನೂ ಮೊದಲು ಹೇಳುತ್ತೇವೆ. ಆ ಕೋಟೆಯೊಳಗಿನವರು ಉಂಡ ಜೋಳ, ಉಪ್ಪು, ಎಣ್ಣೆಗಳು ಯಾರ ಬೆನ್ನ ಮೇಲೆ ಬಂದುವೆಂದು ವಿಚಾರಿಸುವುದು ಅಪೂರ್ವ. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಗಳ ಸೀಮೆಯಲ್ಲಿ ಈ ಪ್ರಶ್ನೆಯನ್ನು ಕೇಳಿದರೆ, ಉತ್ತರವು ಹೇರೆತ್ತಿನಿಂದ ಮೊದಲಾಗಿ ಬೈಸಿಕಲ್ಲಿನವರೆಗೆ ಸಾಗುತ್ತದೆ.

ಒಳ್ಳೆಯ ರಸ್ತೆಗಳಿಲ್ಲದ ಕಾಲದಲ್ಲಿ ದೂರದೂರಕ್ಕೆ ಸರಕು ಸಾಗಿಸುತ್ತಿದ್ದವರು ಲಂಬಾಣಿಗಳು. ಎತ್ತುಗಳ ಬೆನ್ನಿಗೆ ಎರಡು ಕಡೆಯೂ ಗೋಣಿಗಳನ್ನು ಹೇರಿ, ಹಿಂಡುಹಿಂಡಾಗಿ ಅವರು ನಡೆಯುತ್ತಿದ್ದರು. 1791-92ರ ಮತ್ತು 1799ರ ಮೈಸೂರು ಯುದ್ಧಗಳಲ್ಲಿ ಇಂಗ್ಲಿಷರ ಸೈನ್ಯಗಳು ಧಾನ್ಯಕ್ಕಾಗಿ ಇವರನ್ನೇ ಬಹುಮಟ್ಟಿಗೆ ನೆಚ್ಚಿದ್ದುವು. ರಸ್ತೆಯೂ ರೈಲೂ ಬಂದ ಮೇಲೆ ಈ ಕಸುಬು ಕೈಬಿಟ್ಟುಹೋಯಿತು. ಈ ತಾಲ್ಲೂಕುಗಳ ಅನೇಕ ತಾಂಡಾಗಳಲ್ಲಿ ಇಂದಿಗೂ ಅವರ ಸಂತತಿಯವರು ನೆಲಸಿದ್ದಾರೆ.

1905ರಲ್ಲಿ ಹೊಸಪೇಟೆಯಿಂದ ಹಗರಿಬೊಮ್ಮನಹಳ್ಳಿಯ ಮೇಲೆ ಕೊಟ್ಟೂರಿಗೆ ರೈಲುದಾರಿಯಾಯಿತು. ಆದರೆ ಕೂಡ್ಲಿಗಿ, ಹಡಗಲಿ, ಹರಪನಹಳ್ಳಿಗಳು ಆಗ ದಾರಿಯಿಂದ ಹೊರಗೇ ಉಳಿದುವು. ಕೊಟ್ಟೂರಿನಿಂದ ಕೂಡ್ಲಿಗಿಗೆ ಹನ್ನೆರಡು ಮೈಲಿಗೂ ಮೀರಿದ ದೂರ. ನೂರು ಮೂಟೆಗಳ ವರ್ತಕನಿಗೆ ಬಂಡಿಯುಂಟು. ಒಂದೇ ಮೂಟೆಯವನು ಏನು ಮಾಡಬೇಕು? ಬಂಡಿಯ ಬಾಡಿಗೆಗೆ ಅವನ ಲಾಭ ಸಾಲದು; ತಲೆಹೊರೆಗೆ ಅವನ ಕುತ್ತಿಗೆ ಸಾಲದು. ಈ ತೆರಪನ್ನು ತುಂಬಿದ್ದೇ ಬೈಸಿಕಲ್ಲು.

ಹೆಚ್ಚುಕಡಿಮೆ ಸಮನಾದ ಎರಡು ಚಕ್ರಗಳೂ ಹಿಂಚಕ್ರಕ್ಕೆ ಸರಪಣಿಯೂ ಇರುವ ಬೈಸಿಕಲ್ಲನ್ನು ಇಂಗ್ಲೆಂಡಿನ ಕವೆಂಟ್ರಿಯಲ್ಲಿ ಸ್ಟಾರ್ಲಿ ಎಂಬಾತನು 1885ರಲ್ಲಿ ಮಾರಾಟಕ್ಕೆ ತಂದನು. 1888ರಲ್ಲಿ ಬೆಲ್‌ಫಾಸ್ಟಿನ ಡನ್‌ಲಪ್ಪನು ಗಾಳಿ ತುಂಬಿದ ಟೈರಿಗೆ ಹಕ್ಕುಪತ್ರ ಪಡೆದನು. ನಮ್ಮ ನಾಡಿನಲ್ಲಿ ಇದು ಮೊದಲು ಅಧಿಕಾರಿಗಳ, ಅನುಕೂಲಸ್ಥರ ವಾಹನವಾಗಿತ್ತು. 1950ರ ದಶಕದಲ್ಲಿ ಮದರಾಸಿನ ಬಳಿಯ ಅಂಬತ್ತೂರು, ಪಂಜಾಬಿನ ಲೂಧಿಯಾನ ಮೊದಲಾದೆಡೆ ಕಾರ್ಖಾನೆಗಳು ಎದ್ದ ಬಳಿಕ ಬಡವನ ಕೈಗೂ ಎಟುಕಿತು. ಹಾಲಿನ ಕ್ಯಾನು, ಸೌದೆಯ ಹೊರೆ, ಮಂಡಕ್ಕಿಯ ಚೀಲ, ಸಂತೆಯ ಬಟ್ಟೆಗಂಟು ಎಲ್ಲವೂ ಅದರ ಮೇಲೇರಿದುವು. ಹಡಗಲಿಯ ಮಲ್ಲಿಗೆಯಂತಹ ಸರಕಿಗೆ ಭಾರವಿಲ್ಲ; ಆದರೆ ಬಾಡುವ ಮೊದಲೇ ಪೇಟೆ ಸೇರಬೇಕು. ಅಂತಹುದಕ್ಕೆ ಬಂಡಿಗಿಂತ ಬೈಸಿಕಲ್ಲೇ ಲೇಸು.

ಹೇರುವುದಕ್ಕೂ ಒಂದು ಶಾಸ್ತ್ರವುಂಟು. ಕ್ಯಾರಿಯರಿನ ಮೇಲೆ ಭಾರವನ್ನು ತೀರ ಹಿಂದಕ್ಕಿಟ್ಟರೆ ಮುಂಚಕ್ರವು ಮೇಲೇಳುತ್ತದೆ; ಎತ್ತರಕ್ಕೆ ಒಟ್ಟಿದರೆ ತಿರುವಿನಲ್ಲಿ ಉರುಳುತ್ತದೆ. ಲಂಬಾಣಿಯು ಎತ್ತಿನ ಬೆನ್ನಿಗೆ ಮಾಡುತ್ತಿದ್ದಂತೆಯೇ ಎರಡು ಕಡೆಗೂ ಸಮನಾಗಿ, ತಗ್ಗಿನಲ್ಲಿ ತೂಗುಬಿಡಬೇಕು. ಭಾರ ಮಿತಿಮೀರಿದರೆ ಹತ್ತಬಾರದು, ಇಳಿದು ತಳ್ಳಬೇಕು. ಆಗ ಹೊರೆಯನ್ನು ಹೊರುವುದು ನೆಲ. ಮನುಷ್ಯನು ನಡೆಸುವವನು ಮಾತ್ರ. ಇದರ ಬಲವನ್ನು 1954ರಲ್ಲಿ ಲೋಕವೇ ಕಂಡಿತು. ವಿಯೆಟ್ನಾಮಿನ ದಿಯೆನ್ ಬಿಯೆನ್ ಫು ಕದನಕ್ಕೆ ಸಾವಿರಾರು ಕೂಲಿಗಳು ಹ್ಯಾಂಡಲಿಗೆ ಬಿದಿರು ಕಟ್ಟಿದ ಬೈಸಿಕಲ್ಲುಗಳಲ್ಲಿ 200 ಕಿಲೋಗ್ರಾಮಿನಷ್ಟು ಭಾರವನ್ನು ಕಾಡುದಾರಿಯಲ್ಲಿ ತಳ್ಳಿಕೊಂಡು ಹೋದರು, ಫ್ರೆಂಚರು ಸೋತರು.

ಇಂದು ಮೋಟಾರು ಸೈಕಲ್ಲು ಈ ಕೆಲಸವನ್ನು ಬಹಳಮಟ್ಟಿಗೆ ಕಸಿದುಕೊಂಡಿದೆ. ಹರಪನಹಳ್ಳಿಗೂ ರೈಲು ಬಂದಿದೆ. 2021ರಲ್ಲಿ ಈ ಐದು ಊರುಗಳೂ ಹೊಸ ವಿಜಯನಗರ ಜಿಲ್ಲೆಗೆ ಸೇರಿವೆ. ಬೈಸಿಕಲ್ಲಿನವನ ಶ್ರಮ ಸುಖದ್ದೆಂದು ನಾವು ಹೇಳಲಾರೆವು. ಎದುರುಗಾಳಿಯಲ್ಲಿ ಹೊರೆ ತಳ್ಳಿದವನ ಮೊಣಕಾಲೇ ಅದಕ್ಕೆ ಸಾಕ್ಷಿ. ಆದರೆ ಅವನ ದುಡಿಮೆಯಲ್ಲಿ ದಿನದಿನವೂ ಪೆಟ್ರೋಲಿಗೆ ಸಲ್ಲುವ ಪಾಲು ಇರಲಿಲ್ಲ. ಮೂಟೆ ಒಂದೇ ಆದರೂ ಅವನು ತನ್ನ ವ್ಯಾಪಾರಕ್ಕೆ ತಾನೇ ಯಜಮಾನನಾಗಿದ್ದನು. ಹೆದ್ದಾರಿಗಳನ್ನು ಅಗಲಿಸುವವರು ಲಾರಿಗಳ ಲೆಕ್ಕವನ್ನು ಹಿಡಿಯುತ್ತಾರೆ. ಹೊರೆ ಹೊತ್ತ ಬೈಸಿಕಲ್ಲಿಗೂ ದಾರಿಯ ಅಂಚಿನಲ್ಲಿ ಒಂದು ಮೊಳ ಗಟ್ಟಿನೆಲವನ್ನು ಅವರು ಉಳಿಸಿದರೆ, ಈ ಸೀಮೆಯ ಸಂತೆಗಳನ್ನು ಇಷ್ಟುಕಾಲ ತುಂಬಿದವರಿಗೆ ಸಲ್ಲಬೇಕಾದುದು ಸಂದಂತಾಗುವುದು.