ನೆಲದ ಮೇಲೆ ಕೂರುವವರಿಗೊಂದು ಕಾಲು



ಮುದ್ದೇಬಿಹಾಳ ಸೀಮೆಯ ರಕ್ಕಸಗಿ, ತಂಗಡಗಿ ಎಂಬ ಊರುಗಳ ಹೆಸರನ್ನು ನೀವು ಇತಿಹಾಸದ ಪಾಠದಲ್ಲಿ ಕೇಳಿದ್ದೀರಿ. 1565ರ ಆ ಯುದ್ಧದಲ್ಲಿ ಗೆದ್ದವರಾರು, ಮಡಿದವರಾರು ಎಂದು ಪರೀಕ್ಷೆಯಲ್ಲಿ ಬರೆಯುತ್ತೀರಿ. ಕಾಲು ಕಳೆದುಕೊಂಡೂ ಬದುಕಿ ಉಳಿದ ಸೈನಿಕನ ಗತಿ ಏನಾಯಿತು ಎಂಬ ಪ್ರಶ್ನೆ ಮಾತ್ರ ಬರುವುದಿಲ್ಲ. ಅದಕ್ಕೆ ಒಂದು ವರ್ಷ ಮೊದಲು, 1564ರಲ್ಲಿ, ಫ್ರಾನ್ಸಿನ ಸೇನಾ ಶಸ್ತ್ರವೈದ್ಯ ಆಂಬ್ರಾಸ್ ಪಾರೆ ತನ್ನ ಗ್ರಂಥದಲ್ಲಿ ಕೃತಕ ಅಂಗಗಳ ಚಿತ್ರಗಳನ್ನು ಪ್ರಕಟಿಸಿದ್ದ. ಕಾಲು ಕತ್ತರಿಸಿದಾಗ ರಕ್ತನಾಳಗಳನ್ನು ಕಾದ ಕಬ್ಬಿಣದಿಂದ ಸುಡದೆ ದಾರದಿಂದ ಕಟ್ಟಬೇಕೆಂದವನೂ ಅವನೇ.

ಮುಂದೆ ಪಶ್ಚಿಮದಲ್ಲಿ ಒಳ್ಳೆಯ ಕೃತಕ ಪಾದಗಳು ಬಂದವು. ಆದರೆ ಅವು ಕುರ್ಚಿಯಲ್ಲಿ ಕುಳಿತು ಬೂಟು ಹಾಕುವವರ ಪಾದಗಳು. ಇಂಡಿ, ಸಿಂದಗಿಯ ಎರೆಹೊಲದಲ್ಲಿ ಬರಿಗಾಲಲ್ಲಿ ನಡೆದು, ಕುಕ್ಕರಗಾಲಲ್ಲಿ ಕುಳಿತು ಜೋಳ ಕೊಯ್ಯುವವನಿಗೆ, ಚಕ್ಕಳಮಕ್ಕಳ ಹಾಕಿ ರೊಟ್ಟಿ ಉಣ್ಣುವವನಿಗೆ ಅವುಗಳಿಂದೇನು ಪ್ರಯೋಜನ? 1968ರ ಸುಮಾರಿಗೆ ಜೈಪುರದ ಕುಶಲಕರ್ಮಿ ರಾಮಚಂದ್ರ ಶರ್ಮಾ ಮತ್ತು ಡಾ. ಪಿ. ಕೆ. ಸೇಠಿ ರಬ್ಬರು, ಮರ ಬಳಸಿ ಎಲ್ಲ ದಿಕ್ಕಿಗೂ ಬಾಗುವ, ಕೆಸರಿಗೆ ಅಂಜದ ಪಾದವನ್ನು ರೂಪಿಸಿದರು. ಇಂದು ಹುಬ್ಬಳ್ಳಿಯ ಮಹಾವೀರ ಲಿಂಬ್ ಸೆಂಟರ್‌ನಲ್ಲೂ ಈ ಕಾಲು ಸಿಗುತ್ತದೆ.

ನಮ್ಮ ಟಿ.ವಿ.ಯವರ ಒಂದು ದೋಷ ಹೇಳಿಬಿಡುತ್ತೇನೆ. ಹೊಸ ಕಾಲಿನ ಮೊದಲ ಹೆಜ್ಜೆ ಚಿತ್ರೀಕರಿಸಿ, ಚಪ್ಪಾಳೆ ಸೇರಿಸಿ ಕ್ಯಾಮೆರಾ ಮಡಚುತ್ತೇವೆ. ತೊಂದರೆಯೆಲ್ಲ ಆ ಹೆಜ್ಜೆಯ ಹಿಂದೆ ಮುಂದೆ ಇರುತ್ತದೆ. ಮೊಣಕಾಲಿನ ಕೆಳಗೆ ಕಾಲು ತೆಗೆದವರಿಗೆ ಮನೆಯವರು ಪ್ರೀತಿಯಿಂದ ದಿಂಬು ಕೊಡುತ್ತಾರೆ. ಮೊಣಕಾಲು ಹಾಗೆಯೇ ಬಾಗಿ ಬಿಗಿದುಕೊಂಡರೆ ಕೃತಕ ಕಾಲು ಕಟ್ಟುವುದೇ ಕಷ್ಟ. ಬಾವು ಇಳಿಯಲು ಕ್ರೇಪ್ ಬ್ಯಾಂಡೇಜನ್ನು ತುದಿಯಲ್ಲಿ ಬಿಗಿಯಾಗಿ, ಮೇಲೇರಿದಂತೆ ಸಡಿಲವಾಗಿ ಸುತ್ತಬೇಕು. ತಿರುಗುಮುರುಗಾದರೆ ಬಾವು ತುದಿಯಲ್ಲೇ ನಿಲ್ಲುತ್ತದೆ. ತಿಂಗಳುಗಳು ಕಳೆದಂತೆ ಮೊಂಡುಭಾಗ ಸಣ್ಣಗಾಗಿ, ಅದು ಕೂರುವ ಸಾಕೆಟ್ ಸಡಿಲವಾಗುತ್ತದೆ. ಆಗ ಒಳಗೆ ಇನ್ನೊಂದು ಕಾಲುಚೀಲ, ಕೊನೆಗೆ ಹೊಸ ಸಾಕೆಟ್ಟೇ ಬೇಕು. ನಮ್ಮ ಬಿಸಿಲಿನಲ್ಲಿ ಬೆವರಿನಿಂದ ಚರ್ಮ ಉಜ್ಜಿ ಹುಣ್ಣಾಗುವುದೂ ಉಂಟು. ದಿನವೂ ತೊಳೆದು, ಒರೆಸಿ, ಕನ್ನಡಿ ಹಿಡಿದು ನೋಡಬೇಕು. ಸಕ್ಕರೆ ಕಾಯಿಲೆಯಿದ್ದರೆ ಹುಣ್ಣಿನ ನೋವೇ ತಿಳಿಯದು. ಬಸವನ ಬಾಗೇವಾಡಿಯ ಹಳ್ಳಿಯಿಂದ ಸಾಕೆಟ್ ಬದಲಿಸಲು ಹೋಗಿಬರುವವನಿಗೆ ಒಂದೆರಡು ದಿನದ ಕೂಲಿ ಹೋಯಿತೆಂದೇ ಲೆಕ್ಕ; ಎಷ್ಟೋ ಕಾಲುಗಳು ಅಟ್ಟ ಸೇರುವುದು ಇದಕ್ಕೇ.

ಇಲ್ಲದ ಕಾಲು ನೋಯುತ್ತದೆಯೇ? ನೋಯುತ್ತದೆ. ಪಾರೆ ಅದನ್ನೂ ಬರೆದಿಟ್ಟಿದ್ದ. ಇದು ಹುಚ್ಚಲ್ಲ, ಮಿದುಳಿನಲ್ಲಿ ಆ ಕಾಲಿನ ನಕ್ಷೆ ಉಳಿದಿರುತ್ತದೆ. 1990ರ ದಶಕದಲ್ಲಿ ವಿ. ಎಸ್. ರಾಮಚಂದ್ರನ್ ಕನ್ನಡಿಯೊಂದನ್ನು ನಡುವೆ ನಿಲ್ಲಿಸಿ, ಇರುವ ಕೈಯ ಬಿಂಬವನ್ನೇ ಇಲ್ಲದ ಕೈಯೆಂದು ಮಿದುಳಿಗೆ ತೋರಿಸಿದರು. ಕೆಲವರ ನೋವು ತಗ್ಗಿತು, ಎಲ್ಲರದೂ ಅಲ್ಲ. ಕಾಲಿಗೂ ಈ ಉಪಾಯವನ್ನು ಈಗ ಬಳಸುತ್ತಾರೆ; ಬೇಕಾದದ್ದು ಒಂದು ಉದ್ದನೆಯ ಕನ್ನಡಿ, ಹೇಳಿಕೊಡುವವರೊಬ್ಬರು.