ಸೈನಿಕರಲ್ಲಿ ಮರುಕಳಿಸುವ ಲೈಂಗಿಕ ಸೋಂಕು: ದಕ್ಷಿಣದ ದಂಡುಗಳ ಚರಿತ್ರೆ

ಒಮ್ಮೆ ಚಿಕಿತ್ಸೆ ಪಡೆದ ಸೈನಿಕನಿಗೆ ಲೈಂಗಿಕ ಸಂಪರ್ಕದಿಂದ ಹರಡುವ ರೋಗ ಮತ್ತೆ ತಗಲುವುದನ್ನು ಮರುಸೋಂಕು ಎನ್ನುತ್ತಾರೆ. ಗೊನೋರಿಯ ಒಮ್ಮೆ ಬಂದುಹೋದರೂ ದೇಹದಲ್ಲಿ ನೆಚ್ಚಬಹುದಾದ ರೋಗನಿರೋಧಕ ಶಕ್ತಿ ಉಳಿಯುವುದಿಲ್ಲ. ಆದ್ದರಿಂದ ಸೋಂಕಿನ ಮೂಲ ಹಾಗೆಯೇ ಇದ್ದರೆ ಗುಣಮುಖನಾದವನೂ ಮತ್ತೆ ರೋಗಿಯಾಗುತ್ತಾನೆ. 1806ರಲ್ಲಿ ನೆಲೆಗೊಂಡ ಸಿಕಂದರಾಬಾದ್ ದಂಡು, 1809ರ ಬೆಂಗಳೂರು ದಂಡು ಮತ್ತು ಬಳ್ಳಾರಿಯ ದಂಡುಗಳಲ್ಲಿ ಈ ಸಮಸ್ಯೆ ಹತ್ತೊಂಬತ್ತನೆಯ ಶತಮಾನದುದ್ದಕ್ಕೂ ಸೇನಾ ವೈದ್ಯರನ್ನು ಕಾಡಿತು.

1864ರ ದಂಡುಪ್ರದೇಶ ಕಾಯಿದೆ ಹಾಗೂ 1868ರ ಸಾಂಕ್ರಾಮಿಕ ರೋಗಗಳ ಕಾಯಿದೆಗಳ ಅಡಿಯಲ್ಲಿ ವೇಶ್ಯೆಯರ ಹೆಸರನ್ನು ನೋಂದಾಯಿಸಿ, ಅವರಿಗೆ ಚೀಟಿ ಕೊಟ್ಟು, ಗೊತ್ತಾದ ದಿನ ತಪಾಸಣೆಗೆ ಕರೆಸಿ, ರೋಗ ಕಂಡರೆ 'ಲಾಕ್ ಆಸ್ಪತ್ರೆ' ಎಂಬ ಬಂಧನದ ಆಸ್ಪತ್ರೆಗಳಲ್ಲಿ ವೈದ್ಯರು ಬಿಡುವವರೆಗೆ ಇರಿಸಿಕೊಳ್ಳಲಾಗುತ್ತಿತ್ತು. ಅವರ ಬಳಿಗೆ ಬರುತ್ತಿದ್ದ ಸೈನಿಕರ ಮೇಲೆ ಈ ಕಾಯಿದೆಗಳು ಅಂಥ ಯಾವ ಕಟ್ಟುಪಾಡನ್ನೂ ಹೇರಲಿಲ್ಲ. ಇದು ಅನ್ಯಾಯವಷ್ಟೇ ಅಲ್ಲ, ವೈದ್ಯಕೀಯವಾಗಿಯೂ ದೊಡ್ಡ ಪ್ರಮಾದ; ಜೋಡಿಯಲ್ಲಿ ಒಬ್ಬರಿಗೆ ಮಾತ್ರ ಚಿಕಿತ್ಸೆಯಾದರೆ ಸೋಂಕು ಇನ್ನೊಬ್ಬರಿಂದ ಮರಳಿ ಬರುತ್ತದೆ. ಬ್ರಿಟನ್ನಿನ ಸಮಾಜ ಸುಧಾರಕಿ ಜೋಸೆಫಿನ್ ಬಟ್ಲರ್ ಮತ್ತು ಸಂಗಡಿಗರ ಹೋರಾಟದ ಫಲವಾಗಿ 1868ರ ಕಾಯಿದೆ 1888ರಲ್ಲಿ ರದ್ದಾಯಿತು.

1890ರ ದಶಕದ ಮಧ್ಯದಲ್ಲಿ ಭಾರತದಲ್ಲಿದ್ದ ಬ್ರಿಟಿಷ್ ಸೈನಿಕರಲ್ಲಿ ಸಾವಿರಕ್ಕೆ 500ಕ್ಕೂ ಹೆಚ್ಚು ಮಂದಿ ವರ್ಷಕ್ಕೊಮ್ಮೆ ಈ ರೋಗಗಳಿಂದ ಆಸ್ಪತ್ರೆ ಸೇರುತ್ತಿದ್ದರೆಂದು ಸಾಮಾನ್ಯವಾಗಿ ಓದಿಕೊಳ್ಳಲಾಗುತ್ತದೆ. ಆದರೆ ಆ ಲೆಕ್ಕ ದಾಖಲಾತಿಗಳದು, ರೋಗಿಗಳದಲ್ಲ. ಒಬ್ಬನೇ ಮೂರು ಸಲ ದಾಖಲಾದರೆ ಮೂರು ಎಂದೇ ಬರೆಯಲಾಗುತ್ತಿತ್ತು. ಅವುಗಳಲ್ಲಿ ಎಷ್ಟು ಹೊಸ ಸೋಂಕು, ಎಷ್ಟು ಹಳೆಯದರ ಮರುಕಳಿಕೆ ಎಂದು ಬೇರ್ಪಡಿಸುವುದೂ ಕಷ್ಟ, ಏಕೆಂದರೆ ಜನ 'ಪರಂಗಿ ಹುಣ್ಣು' ಎನ್ನುತ್ತಿದ್ದ ಸಿಫಿಲಿಸ್‌ನ ಹುಣ್ಣುಗಳು ತಾವಾಗಿಯೇ ಮಾಯುತ್ತಿದ್ದವು, ಪಾದರಸದ ಔಷಧಿಯಿಂದ ಗುಣವಾಯಿತೆಂದು ನಂಬಿದವನ ಮೈಯಲ್ಲಿ ರೋಗ ಅಡಗಿಯೇ ಇರುತ್ತಿತ್ತು. ಹರೆಯ, ಮದುವೆಗೆ ಅನುಮತಿ ಸಿಗುತ್ತಿದ್ದವರ ಸಂಖ್ಯೆ ತೀರ ಕಡಿಮೆಯಿದ್ದುದು, ಕುಡಿತ ಮತ್ತು ಮನೆಯಿಂದ ದೂರದ ಬದುಕು ಅಪಾಯವನ್ನು ಹೆಚ್ಚಿಸಿದವು. ಕುಟುಂಬದೊಡನೆ ಬಾಳುವ ಅವಕಾಶ ಹೆಚ್ಚಾಗಿದ್ದ ಭಾರತೀಯ ಸಿಪಾಯಿಗಳಲ್ಲಿ ರೋಗದ ಪ್ರಮಾಣ ಬಹಳ ಕಡಿಮೆಯಿತ್ತು.

1910ರಲ್ಲಿ ಸಾಲ್ವರ್ಸಾನ್, 1943ರ ನಂತರ ಪೆನಿಸಿಲಿನ್ ಬಂದು ಸಿಫಿಲಿಸ್ ಚಿಕಿತ್ಸೆ ಸುಲಭವಾಯಿತಾದರೂ ಮರುಸೋಂಕು ನಿಲ್ಲಲಿಲ್ಲ. ಹಿಂದೊಮ್ಮೆ ಸೋಂಕು ತಗಲಿರುವುದು, ಸಂಗಾತಿಗೆ ಚಿಕಿತ್ಸೆಯಾಗದಿರುವುದು ಮತ್ತು ಕ್ಲಮಿಡಿಯದಂತಹ ರೋಗಗಳು ಲಕ್ಷಣ ತೋರದೆ ಉಳಿಯುವುದು ಇಂದು ಗುರುತಿಸಲಾಗಿರುವ ಮುಖ್ಯ ಕಾರಣಗಳು. ಹೀಗಾಗಿಯೇ ಚಿಕಿತ್ಸೆಯಾಗಿ ಮೂರು ತಿಂಗಳಿಗೆ ಮತ್ತೆ ಪರೀಕ್ಷೆ ಮಾಡಿಸಲು ಸಲಹೆ ನೀಡಲಾಗುತ್ತದೆ. ಶಿಕ್ಷೆಯ ಭಯವೂ ಕಡಿಮೆ ಕಾರಣವಲ್ಲ: ಲೈಂಗಿಕ ರೋಗದಿಂದ ಕೆಲಸ ತಪ್ಪಿಸಿಕೊಂಡ ಸೈನಿಕರ ಸಂಬಳ ಕಡಿಯುವ ಅಮೆರಿಕದ ಕಾನೂನು ಅವರು ರೋಗವನ್ನೇ ಮುಚ್ಚಿಡುವಂತೆ ಮಾಡಿತ್ತು, 1944ರಲ್ಲಿ ಅದನ್ನು ಹಿಂತೆಗೆದುಕೊಳ್ಳಲಾಯಿತು.