ಮುದ್ದೆ ಕೆಳಗೆ, ಗ್ಯಾಸು ಮೇಲೆ

ಗೌರಿಬಿದನೂರಿನ ಪಕ್ಕದ ಕುಡುಮಲಕುಂಟೆಯ ಹೆಸರು ಈಗ ಹೆಚ್ಚಾಗಿ ಕಿವಿಗೆ ಬೀಳುವುದು ಕೈಗಾರಿಕಾ ಪ್ರದೇಶದ ಮಾತು ಬಂದಾಗ. ತೆಲುಗು ಬಲ್ಲವರಿಗೆ ಅದರಲ್ಲಿ ಕಡುಬೂ ಕೇಳಿಸುತ್ತದೆ: ಅವರ ಕುಡುಮು ನಮ್ಮ ಕಡುಬು. ಕಿವಿಯ ಸಾಕ್ಷಿ ನಂಬಿ ಊರಿನ ಚರಿತ್ರೆ ಬರೆಯಲಾಗದು; ಅಡುಗೆಮನೆಯ ಚರಿತ್ರೆ ಎತ್ತಿಕೊಳ್ಳಲು ಇಷ್ಟು ನೆಪ ಸಾಕು. ಚಿಕ್ಕಬಳ್ಳಾಪುರ, ಚಿಂತಾಮಣಿ, ಶಿಡ್ಲಘಟ್ಟ, ಗೌರಿಬಿದನೂರಿನ ಹಳ್ಳಿಮನೆಗಳಲ್ಲಿ ಅಡುಗೆಮನೆಯಷ್ಟು ತುಂಡುತುಂಡಾಗಿ ಬದಲಾದ ಭಾಗ ಇನ್ನೊಂದಿಲ್ಲ. ನಕ್ಷೆ ಬರೆಸಿ, ಅಂದಾಜುಪಟ್ಟಿ ಹಾಕಿಸಿ ಒಂದೇ ಸಲಕ್ಕೆ ಮಾಡಿಸಿಕೊಂಡವರು ಕಡಿಮೆ. ಕೈಯಲ್ಲಿ ಕಾಸಾಡಿದಾಗ ಒಂದು ಚಪ್ಪಡಿ, ರೇಷ್ಮೆಗೂಡಿನ ದುಡ್ಡು ಬಂದಾಗ ಒಂದು ಮಿಕ್ಸಿ, ಸರ್ಕಾರ ಕೊಟ್ಟಾಗ ಒಂದು ಒಲೆ, ಹೀಗೆ. ಇದರಲ್ಲಿ ಉಳಿದದ್ದು ಯಾವುದು, ಮೂಲೆ ಸೇರಿದ್ದು ಯಾವುದು ಎಂದು ನೋಡುತ್ತ ಹೋದರೆ ಒಂದು ಸಂಗತಿ ಎದ್ದು ಕಾಣುತ್ತದೆ. ರಾಗಿಮುದ್ದೆಯ ಪಾತ್ರೆಗೆ ಜಾಗ ಬಿಟ್ಟ ಬದಲಾವಣೆ ನಿಂತಿತು. ಅದನ್ನು ಅಲುಗಿಸಲು ಹೋದದ್ದು ನಿಲ್ಲಲಿಲ್ಲ.

ಹಿಟ್ಟು ತೊಳಸುವುದನ್ನು ಹತ್ತಿರದಿಂದ ನೋಡಬೇಕು. ಎಸರು ಕುದಿಯುವಾಗ ರಾಗಿಹಿಟ್ಟನ್ನು ಗುಡ್ಡೆಯಾಗಿ ಸುರಿದು, ನಡುವೆ ಕೋಲಿನಿಂದ ತೂತು ಮಾಡಿ ಬೇಯಲು ಬಿಡುತ್ತಾರೆ. ಬೆಂದ ಮೇಲೆ ಪಾತ್ರೆ ಒಲೆಯಿಂದ ನೆಲಕ್ಕಿಳಿಯುತ್ತದೆ. ಕವೆಗೋಲಿನ ಕವಲನ್ನು ಪಾತ್ರೆಯ ಕಂಠಕ್ಕೆ ಕೊಟ್ಟು, ಅದನ್ನು ಪಾದದಲ್ಲಿ ಒತ್ತಿಹಿಡಿದು, ಎರಡೂ ಕೈಯಲ್ಲಿ ಮುದ್ದೆಕೋಲು ಹಿಡಿದು ಗಂಟುಳಿಯದ ಹಾಗೆ ತಿರುವಬೇಕು. ಸೊಂಟ, ತೋಳು, ಕಾಲು ಮೂರೂ ದುಡಿಯುವ ಕೆಲಸ ಅದು. ಆಮೇಲೆ ಮಣೆಗೋ ಕಲ್ಲಿಗೋ ಬಗ್ಗಿಸಿಕೊಂಡು, ಅಂಗೈಗೆ ನೀರು ಮುಟ್ಟಿಸಿಕೊಳ್ಳುತ್ತ, ಬಿಸಿ ಆರುವ ಮೊದಲೇ ಉಂಡೆ ಕಟ್ಟಬೇಕು. ಮನೆತುಂಬ ಜನಕ್ಕೆ ಬೇಕಾಗುವಷ್ಟು ಹಿಟ್ಟನ್ನು ಸೊಂಟದೆತ್ತರದ ಕಟ್ಟೆಯ ಮೇಲಿಟ್ಟು, ನಿಂತು ತೊಳಸಲು ಹೋದರೆ ಪಾತ್ರೆ ಜಾರುತ್ತದೆ, ತೋಳು ಸೋಲುತ್ತದೆ. ಅಂದರೆ ಈ ಸೀಮೆಯ ಅಡುಗೆಮನೆಯ ಅಳತೆಗೋಲು ನೆಲದಲ್ಲಿ ಕೂತ ಹೆಂಗಸಿನ ಮೈ. 1926ರಲ್ಲಿ ಮಾರ್ಗರೆಟೆ ಶೂಟೆ-ಲಿಹೋಟ್ಸ್ಕಿ ಎಂಬ ವಾಸ್ತುಶಿಲ್ಪಿ ಫ್ರಾಂಕ್‌ಫರ್ಟಿನ ಅಗ್ಗದ ಬಾಡಿಗೆ ಮನೆಗಳಿಗೆಂದು 1.9 ಮೀಟರ್ ಅಗಲ, 3.4 ಮೀಟರ್ ಉದ್ದದ ಅಡುಗೆಮನೆ ರೂಪಿಸಿದಾಗ, ಅಡುಗೆ ಮಾಡುವವಳು ಇಡುವ ಹೆಜ್ಜೆಗಳನ್ನು ಲೆಕ್ಕಕ್ಕೆ ಹಿಡಿದಿದ್ದರು. ಇವತ್ತು ಚಿಕ್ಕಬಳ್ಳಾಪುರದ ಅಂಗಡಿಗಳಲ್ಲಿ ಮಾರುವ ಮಾಡ್ಯುಲರ್ ಕಿಚನ್ ಆ ಲೆಕ್ಕದ ಮೊಮ್ಮಗಳೇ. ಮುದ್ದೆ ತೊಳಸುವವಳು ಮಾತ್ರ ಹೆಜ್ಜೆ ಇಡುವುದೇ ಇಲ್ಲ, ಕೂತಿರುತ್ತಾಳೆ.

ನಮ್ಮಲ್ಲಿ ಅಡುಗೆಮನೆ ಸುಧಾರಿಸಹೊರಟವರು ಮೊದಲು ಕೈಹಾಕಿದ್ದು ಹೊಗೆಗೆ. ವಾರ್ಧಾದ ಗ್ರಾಮೋದ್ಯೋಗ ಕೇಂದ್ರ ಮಗನವಾಡಿಯಿಂದ ಮಗನ್ ಒಲೆ ಬಂತು. 1950ರ ದಶಕದಲ್ಲಿ ಹೈದರಾಬಾದಿನ ಎಂಜಿನಿಯರ್ ಎಸ್.ಪಿ. ರಾಜು ಬಡವರ ಮನೆಗೂ ಹೊಗೆಯಿಲ್ಲದ ಅಡುಗೆಮನೆ ಸಾಧ್ಯವೆಂದು ವಾದಿಸಿ ಕೊಳವೆಯ ಒಲೆ ಪ್ರಚಾರ ಮಾಡಿದರು. ಕರ್ನಾಟಕದಲ್ಲಿ ನಿಜವಾದ ಲೆಕ್ಕಾಚಾರ ಶುರುವಾದದ್ದು 1974ರಲ್ಲಿ, ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅಮೂಲ್ಯ ರೆಡ್ಡಿಯವರ ಮುಂದಾಳತ್ವದಲ್ಲಿ ‘ಅಸ್ತ್ರ’ ಎಂಬ ಗ್ರಾಮೀಣ ತಂತ್ರಜ್ಞಾನದ ತಂಡ ಹುಟ್ಟಿದಾಗ. ಕುಣಿಗಲ್ ತಾಲ್ಲೂಕಿನ ಉಂಗ್ರದ ಸುತ್ತಲ ಹಳ್ಳಿಗಳಲ್ಲಿ ಅವರು ಮನೆಮನೆಗೆ ಹೋಗಿ ಅಳೆದರು. ಉಂಗ್ರವೂ ಮುದ್ದೆಯ ಸೀಮೆಯೇ. ಊರು ಬಳಸುವ ಶಕ್ತಿಯಲ್ಲಿ ಸಿಂಹಪಾಲು ಸೌದೆಯದು, ಆ ಸೌದೆಯೂ ಬಹುಪಾಲು ಕೊಂಡದ್ದಲ್ಲ, ಹೆಂಗಸರು ಮಕ್ಕಳು ಆಯ್ದು ತಂದದ್ದು, ಅದರ ಉರಿಯಲ್ಲಿ ಪಾತ್ರೆಗೆ ಮುಟ್ಟುವುದು ನೂರಕ್ಕೆ ಹತ್ತು ಪಾಲಿಗೂ ಕಡಿಮೆ ಎಂಬುದು ತಿಳಿಯಿತು. ಇದಕ್ಕೆ ಉತ್ತರವಾಗಿ ಬಂದದ್ದು ಅಸ್ತ್ರ ಒಲೆ: ಮಣ್ಣಿನ ಮೈ, ಒಳಗೆ ಕಬ್ಬಿಣದ ಜಾಲರಿ, ಮೂರು ಪಾತ್ರೆಗೆ ಮೂರು ಬಾಯಿ, ಕೊನೆಗೆ ಹೊಗೆ ಕೊಳವೆ. ಪ್ರಯೋಗಾಲಯದಲ್ಲಿ ಅದರ ದಕ್ಷತೆ ನೂರಕ್ಕೆ ನಲವತ್ತರ ಆಸುಪಾಸಿಗೆ ಏರಿತು. ಮಣ್ಣಿನ ಒಲೆಯ ಮಟ್ಟಿಗೆ ಅದು ಸಣ್ಣ ಸಾಧನೆಯಲ್ಲ. 1983ರಲ್ಲಿ ಕೇಂದ್ರ ಸರ್ಕಾರದ ಸುಧಾರಿತ ಒಲೆಗಳ ಕಾರ್ಯಕ್ರಮವೂ ಶುರುವಾಗಿ, 2002ರಲ್ಲಿ ಅದು ನಿಲ್ಲುವ ಹೊತ್ತಿಗೆ ದೇಶದಲ್ಲಿ ಸುಮಾರು 3.5 ಕೋಟಿ ಒಲೆಗಳು ಹಂಚಿಕೆಯಾಗಿದ್ದವು.

ಅವುಗಳಲ್ಲಿ ಬಹಳಷ್ಟು ಹೆಚ್ಚು ಕಾಲ ಉರಿಯಲಿಲ್ಲ. ಹಳ್ಳಿಯವರು ಹಳೆಯದಕ್ಕೇ ಜೋತುಬಿದ್ದರು ಎಂದು ಅಧಿಕಾರಿಗಳೂ ನಗರದ ಓದುಗರೂ ಹೇಳುವುದುಂಟು. ಈ ಮಾತು ನಿಲ್ಲುವುದಿಲ್ಲ. ಅದೇ ಹಳ್ಳಿಯವರು ಬೀಸುವ ಕಲ್ಲನ್ನು ಕ್ಷಣ ಯೋಚಿಸದೆ ಹಿತ್ತಿಲಿಗೆ ಹಾಕಿ ರಾಗಿಯನ್ನು ಮಿಲ್ಲಿಗೆ ಹೊತ್ತರು. ಮಣ್ಣಿನ ಮಡಕೆ ಬಿಟ್ಟು ಹಿಂಡಾಲಿಯಂ ಪಾತ್ರೆ ಕೊಂಡರು. ಒಲೆ ಸೋತದ್ದಕ್ಕೆ ಕಾರಣ ಒಲೆಯಲ್ಲೇ ಇತ್ತು. ಬಾಯಿಯ ಅಳತೆಗೆ ಕೂರುವ ಪಾತ್ರೆ ಇಟ್ಟರೆ ಮಾತ್ರ ಹೊಗೆ ಕೊಳವೆ ಹಿಡಿಯುತ್ತದೆ. ಮುದ್ದೆಯ ದೊಡ್ಡ ಪಾತ್ರೆ ಇಟ್ಟು ಅಲ್ಲೇ ತಿರುವಿದರೆ ಮಣ್ಣು ಬಿರಿಯುತ್ತದೆ, ಕೆಳಗಿಳಿಸಿದರೆ ತೆರೆದ ಬಾಯಿಂದ ಹೊಗೆ ಮನೆಗೆ ನುಗ್ಗುತ್ತದೆ. ನೀಲಗಿರಿಯ ರೆಂಬೆ, ಕೆರೆಯಂಗಳದ ಜಾಲಿ, ಹುಳು ಸೊಪ್ಪು ತಿಂದು ಬಿಟ್ಟ ಹಿಪ್ಪುನೇರಳೆ ಕಡ್ಡಿ, ಹೀಗೆ ದಿನಕ್ಕೊಂದು ಬಗೆಯ ಸೌದೆಯನ್ನು ಕಿರಿದಾದ ಬಾಯಿಗೆ ತಕ್ಕಂತೆ ಕಡಿಯಲು ಇನ್ನೊಂದು ಗಂಟೆ ಬೇಕು. ಹೊಗೆಯಿಂದ ಒಂದಿಷ್ಟು ಲಾಭವೂ ಇತ್ತು: ಅಟ್ಟದ ಮೇಲಿನ ಬೀಜದ ಕಾಳಿಗೆ ಹುಳ ಬೀಳುತ್ತಿರಲಿಲ್ಲ.

ದುಡ್ಡಿನ ವಿಷಯ ಇದಕ್ಕಿಂತ ಮುಖ್ಯ. ಸೌದೆ ಉಳಿಸುವ ಒಲೆ ಉಳಿಸಿದ್ದು ಹೆಂಗಸಿನ ನಡಿಗೆಯನ್ನು, ಗಂಡಸಿನ ಜೇಬನ್ನಲ್ಲ. ಆಯ್ದು ತಂದ ಸೌದೆಗೆ ಬೆಲೆ ಕಟ್ಟದ ಮನೆಯಲ್ಲಿ ಒಲೆಯ ರಿಪೇರಿಗೆ ಹತ್ತು ರೂಪಾಯಿ ಹೊರಡುವುದೂ ಕಷ್ಟ. ಕೊಳವೆಗೆ ಮಸಿ ಕಟ್ಟಿಕೊಂಡರೆ ಅಲ್ಲಿಗೆ ಒಲೆಯ ಆಯುಸ್ಸು ಮುಗಿಯಿತು. ಚಪ್ಪಡಿ ಗೆದ್ದದ್ದು ಇಲ್ಲೇ. ಬಂಡೆ ಸೀಳಿ ಚಪ್ಪಡಿ ತೆಗೆಯುವ ಕೆಲಸ ಈ ಸೀಮೆಗೆ ಹಳೆಯದು; ಗೋಡೆಗೂ ಚಾವಣಿಗೂ ಅದೇ ಕಲ್ಲು. ಎರಡು ಮೋಟುಗೋಡೆಯ ಮೇಲೆ ಒಂದು ಚಪ್ಪಡಿ ಮಲಗಿಸಿದರೆ ಕಟ್ಟೆಯಾಯಿತು. ಆಮೇಲೆ ಅದರ ಮೇಲೆ ಕಡಪ ಕಲ್ಲು, ಅದರ ಮೇಲೆ ಗ್ಯಾಸ್ ಸ್ಟೌವು. ಹೆಸರೂ ‘ಗ್ಯಾಸ್ ಕಟ್ಟೆ’ ಎಂದೇ ಆಯಿತು. ಅದು ಏನನ್ನೂ ಕೆಡವಲಿಲ್ಲ. ಟೀ, ಸಾರು, ಅನ್ನ ಮೇಲಕ್ಕೆ ಹತ್ತಿದವು. ಕಟ್ಟೆಯ ಮುಂದಿನ ನೆಲ ಮುದ್ದೆಗೆ ಉಳಿಯಿತು.

ಗೋಬರ್ ಗ್ಯಾಸಿನ ಕಥೆಯೂ ಇದನ್ನೇ ಹೇಳುತ್ತದೆ. ಇದೇ ಜಿಲ್ಲೆಯ ಬಾಗೇಪಲ್ಲಿಯ ಕೂಲಿ ಸಂಘ, ಕ್ಯೋಟೋ ಒಪ್ಪಂದದ ಅಡಿಯಲ್ಲಿ 2005ರಲ್ಲಿ ನೋಂದಣಿಯಾದ ಯೋಜನೆಯೊಂದರಲ್ಲಿ 2 ಘನ ಮೀಟರಿನ 5,500 ಘಟಕಗಳನ್ನು ಕೂಲಿ ಮತ್ತು ಸಣ್ಣ ರೈತರ ಮನೆಗಳಿಗೆ ಕಟ್ಟಿಸಲು ಮುಂದಾಯಿತು. ಉಳಿಸಿದ ಇಂಗಾಲವನ್ನು ಮಾರಿ ಬಂದ ಹಣದಿಂದ ಖರ್ಚು ಸರಿದೂಗಿಸುವುದು ಅದರ ಜಾಣ ಉಪಾಯ: ಹೆಂಗಸಿನ ನಡಿಗೆಗೆ ಊರಿನಲ್ಲಿ ಸಿಗದ ಬೆಲೆ ಪರದೇಶದ ಮಾರುಕಟ್ಟೆಯಲ್ಲಿ ಹೊಗೆಗೆ ಸಿಕ್ಕಿತು. ಗುಂಡಿ ಹಿತ್ತಿಲಿನಲ್ಲಿ, ಸ್ಟೌವು ಮಾತ್ರ ಒಳಗೆ. ಅಡುಗೆಮನೆಯ ನೆಲಕ್ಕೆ ಅದು ಕೈಹಚ್ಚಲೇ ಇಲ್ಲ. ಸಗಣಿಯಷ್ಟೇ ನೀರೂ ಬೇಕು, ದನವೂ ಬೇಕು ಎನ್ನುವುದು ಅದರ ಮಿತಿ. ಬೋರ್‌ವೆಲ್ ಸಾವಿರ ಅಡಿ ಇಳಿದ ಸೀಮೆಯಲ್ಲಿ ಅದು ಸಣ್ಣ ಮಿತಿಯಲ್ಲ.

2016ರ ಮೇ ತಿಂಗಳಲ್ಲಿ ಬಡವರ ಮನೆಗೆ ಗ್ಯಾಸ್ ಸಂಪರ್ಕ ಕೊಡುವ ಉಜ್ವಲಾ ಯೋಜನೆ ಬಂದ ಮೇಲೆ ಈ ಚರ್ಚೆಯೇ ಮುಗಿಯಿತಲ್ಲ ಎನ್ನಬಹುದು. ಹೊಗೆಯ ಮಟ್ಟಿಗೆ ಅದು ದೊಡ್ಡ ಹೆಜ್ಜೆ, ಒಪ್ಪಬೇಕು. ಆದರೆ ಸಿಲಿಂಡರಿಗೆ ಬೆಲೆಯಿದೆ, ಸ್ನಾನದ ಹಂಡೆಗೆ ಅದನ್ನು ಸುಡಲು ಯಾರಿಗೂ ಮನಸ್ಸು ಬಾರದು. ಜಾಗದ ಪ್ರಶ್ನೆಯೂ ಉಳಿದಿದೆ. ಅದೇ ವರ್ಷ ಬಂದ ಪ್ರಧಾನಮಂತ್ರಿ ಗ್ರಾಮೀಣ ಆವಾಸ್ ಯೋಜನೆ, ಬಯಲುಸೀಮೆಯ ಮನೆಯೊಂದಕ್ಕೆ 1.20 ಲಕ್ಷ ರೂಪಾಯಿ ಗೊತ್ತುಮಾಡಿ, ಅಡುಗೆಯ ಜಾಗವೂ ಸೇರಿ ಕನಿಷ್ಠ 25 ಚದರ ಮೀಟರ್ ಇರಬೇಕೆಂದಿತು. ಬಡವರ ಮನೆಯ ನಕ್ಷೆಯಲ್ಲಿ ಅಡುಗೆಗೆ ಬೇರೆ ಜಾಗ ಹೇಳಿದ್ದು ಒಳ್ಳೆಯದೇ. ಆದರೆ ಆ ಜಾಗದಲ್ಲಿ ಕಟ್ಟೆ ಕಟ್ಟಿದರೆ ಕಾಲು ಚಾಚಿ ಕವೆಗೋಲು ಒತ್ತಲು ನೆಲ ಸಾಲದು. ಆಗ ಹಿಂದಿನ ಗೋಡೆಗೆ ತಗಡಿನ ಶೀಟೊಂದನ್ನು ಇಳಿಬಿಟ್ಟು, ಕೆಳಗೆ ಮೂರು ಮೂರು ಕಲ್ಲು ಹೂಡಿ, ಕೆಮ್ಮಣ್ಣು ಮೆತ್ತಿ ಎರಡು ಒಲೆ ಮಾಡುತ್ತಾರೆ. ಒಂದು ಒಲೆಗೆ ನೀರಿನ ಹಂಡೆ, ಇನ್ನೊಂದಕ್ಕೆ ಮುದ್ದೆಯ ಪಾತ್ರೆ. ಬಿಲ್ಲಿನಲ್ಲಿ ಬರೆಯದ ಈ ಎರಡನೇ ಅಡುಗೆಮನೆಗೆ ತಗಲುವ ಖರ್ಚು ಒಂದು ಶೀಟು, ನಾಲ್ಕು ನೀಲಗಿರಿ ಗಳ.